ಕಾರಿನವರು 20 ಸಾವಿರ ಕೊಟ್ಟು ಕೇಸ್ ಬೇಡ ಎಂದರು; ಎರಡೂವರೆ ತಿಂಗಳಾದ ಮೇಲೆ ಪರಿಹಾರ ಕೇಳಬಹುದೇ?

ಪ್ರಶ್ನೆ: ನಮ್ಮದು ಶ್ರೀರಂಗಪಟ್ಟಣ ತಾಲ್ಲೂಕಿನ ಹಳ್ಳಿ. ನಮ್ಮ ಯಜಮಾನರಿಗೆ 38 ವರ್ಷ. ಆಲೆಮನೆಯಲ್ಲಿ ಕೆಲಸ ಮಾಡುತ್ತಾರೆ, ಜೊತೆಗೆ ಎರಡು ಹಸು ಕಟ್ಟಿ ಡೇರಿಗೆ ಹಾಲು ಹಾಕುತ್ತೇವೆ. ಎರಡೂವರೆ ತಿಂಗಳ ಹಿಂದೆ ಗಣಂಗೂರಿನ ಹತ್ತಿರ ಸರ್ವಿಸ್ ರಸ್ತೆಯಲ್ಲಿ ಬೈಕಿನಲ್ಲಿ ಬರುತ್ತಿದ್ದಾಗ ಹಿಂದಿನಿಂದ ಕಾರು ಗುದ್ದಿತು. 108ರಲ್ಲಿ ಶ್ರೀರಂಗಪಟ್ಟಣದ ಸರ್ಕಾರಿ ಆಸ್ಪತ್ರೆಗೆ, ಅಲ್ಲಿಂದ ಮೈಸೂರಿನ ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಬಲಗಾಲಿನ ಮಂಡಿಯ ಕೆಳಗೆ ಎರಡೂ ಮೂಳೆ ಮುರಿದಿದ್ದವು. ರಾಡ್ ಹಾಕಿದ್ದಾರೆ. 12 ದಿನ ಇದ್ದೆವು, 1 ಲಕ್ಷ 85 ಸಾವಿರ ಖರ್ಚಾಯಿತು. ಕಾರಿನ ಮಾಲೀಕರು ಫೋನ್‌ಪೇಯಲ್ಲಿ 20 ಸಾವಿರ ಹಾಕಿ, 'ಕೇಸ್ ಮಾಡಬೇಡಿ, ಮಿಕ್ಕಿದ್ದು ನೋಡ್ಕೋತೀವಿ' ಎಂದರು. ಈಗ ಫೋನ್ ಎತ್ತುತ್ತಿಲ್ಲ. ಖಾಸಗಿ ಆಸ್ಪತ್ರೆಯ ಚೀಟಿಯಲ್ಲಿ 'ಬೈಕಿನಿಂದ ಬಿದ್ದು ಗಾಯ' ಎಂದು ಬರೆದಿದೆ. ಕಾರಿನ ನಂಬರಿನ ಫೋಟೊ ಇದೆ. ಹೆಲ್ಮೆಟ್ ಹಾಕಿದ್ದರು, ಆದರೆ ಲೈಸೆನ್ಸ್ ಅವಧಿ ಮುಗಿದಿತ್ತು. ಪರಿಹಾರ ಸಿಗುತ್ತದೆಯೇ? ಎಷ್ಟು ಸಿಗಬಹುದು?

ಉತ್ತರ: ಕೇಳಬಹುದು, ಸಿಗುವ ಸಾಧ್ಯತೆಯೂ ಚೆನ್ನಾಗಿಯೇ ಇದೆ. ಆದರೆ ನಿಮ್ಮ ಮುಂದೆ ಒಂದು ಗಡುವು ಇದೆ, ಅದನ್ನು ಮೊದಲು ತಲೆಗೆ ಹಾಕಿಕೊಳ್ಳಿ. ಮೋಟಾರು ವಾಹನ ಕಾಯ್ದೆ 1988ಕ್ಕೆ ತಂದ ತಿದ್ದುಪಡಿ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 166(3)ನೇ ಕಲಮಿನಂತೆ ಅಪಘಾತವಾದ ದಿನದಿಂದ 6 ತಿಂಗಳೊಳಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಪರಿಹಾರದ ಅರ್ಜಿ ಹಾಕಬೇಕು. ಲೆಕ್ಕ ಶುರುವಾಗುವುದು ಗುದ್ದಿದ ದಿನದಿಂದ, ಆಸ್ಪತ್ರೆಯಿಂದ ಮನೆಗೆ ಬಂದ ದಿನದಿಂದಲ್ಲ. ಈ 6 ತಿಂಗಳ ಮಿತಿಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ, ನಿಜ. ಅದನ್ನೇ ನಂಬಿ ಕೂರುವುದು ಬೇಡ. ನಿಮಗಿನ್ನೂ ಮೂರೂವರೆ ತಿಂಗಳಿದೆ. 'ಮೊದಲು ಕಾಲು ಸರಿಹೋಗಲಿ, ಆಮೇಲೆ ನೋಡೋಣ' ಎಂದುಕೊಂಡರೆ ಆ ಅವಧಿ ಫಿಸಿಯೋಥೆರಪಿಗೆ ಓಡಾಡುವುದರಲ್ಲೇ ಕಳೆದುಹೋಗುತ್ತದೆ. ಮೂಳೆ ಕೂಡುವವರೆಗೆ ಕಾಯಬೇಕಾದ ಕೆಲಸ ಒಂದಿದೆ, ಅಂಗವೈಕಲ್ಯದ ಪ್ರಮಾಣಪತ್ರ ಮಾಡಿಸುವುದು. ಅದನ್ನು ಅರ್ಜಿ ಹಾಕಿದ ಮೇಲೆ ಮಾಡಿಸಿದರಾಯಿತು.

ಗಡುವಿಗಿಂತ ದೊಡ್ಡ ತೊಡಕು 'ಬೈಕಿನಿಂದ ಬಿದ್ದು ಗಾಯ' ಎಂಬ ಸಾಲು. ಇಂಥ ಕೇಸುಗಳು ಹೆಚ್ಚಾಗಿ ಬೀಳುವುದು ಇಲ್ಲೇ. ವಿಮಾ ಕಂಪನಿಯ ವಕೀಲರು ಪಾಟೀ ಸವಾಲಿನಲ್ಲಿ ಮೊದಲು ತೆಗೆಯುವ ಕಾಗದ ಆಸ್ಪತ್ರೆಯ ಕೇಸ್ ಶೀಟ್. 'ನೀವೇ ಬಿದ್ದಿರಿ, ಎರಡು ತಿಂಗಳಾದ ಮೇಲೆ ವಿಮೆ ಇರುವ ಕಾರೊಂದನ್ನು ಹುಡುಕಿ ತಂದಿರಿ' ಎಂಬುದು ಅವರ ಸಿದ್ಧ ವಾದ. ಆಸ್ಪತ್ರೆಗಳಲ್ಲಿ ಹೀಗೆ ಬರೆಯುವುದಕ್ಕೆ ಹಲವು ಕಾರಣ. ನೋವಿನಲ್ಲಿರುವವರನ್ನು ಬಿಟ್ಟು ಜೊತೆಗೆ ಬಂದವರನ್ನು ಕೇಳಿ ಬರೆಯುತ್ತಾರೆ. 'ಬೈಕಿಂದ ಬಿದ್ದುಬಿಟ್ಟರು' ಎಂದು ಯಾರೋ ಹೇಳಿದ್ದು ಹಾಗೇ ದಾಖಲಾಗುತ್ತದೆ. ಕೆಲವೊಮ್ಮೆ ಗುದ್ದಿದವರೇ ಪಕ್ಕದಲ್ಲಿ ನಿಂತು ಹಾಗೆ ಹೇಳಿಸಿರುತ್ತಾರೆ. ಪೊಲೀಸ್ ಕೇಸಿನ ತಾಪತ್ರಯ ಬೇಡವೆಂದು ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯದ ದಾಖಲೆ) ಮಾಡದೆ ಬಿಡುವುದೂ ಉಂಟು.

ನಿಮ್ಮ ಕೈಯಲ್ಲಿ ಇದಕ್ಕಿಂತ ಹಳೆಯ ಎರಡು ದಾಖಲೆಗಳಿರಬೇಕು, ಅದು ನಿಮ್ಮ ಅದೃಷ್ಟ. ಒಂದು, 108ರ ದಾಖಲೆ. ಕರೆ ಬಂದ ಸಮಯ, ರೋಗಿಯನ್ನು ಹತ್ತಿಸಿಕೊಂಡ ಜಾಗ, ಇಳಿಸಿದ ಆಸ್ಪತ್ರೆ ಅದರಲ್ಲಿರುತ್ತವೆ. ಇನ್ನೊಂದು, ಶ್ರೀರಂಗಪಟ್ಟಣದ ಸರ್ಕಾರಿ ಆಸ್ಪತ್ರೆಯ ಹೊರರೋಗಿ ಚೀಟಿ ಮತ್ತು ಎಂಎಲ್‌ಸಿ ರಿಜಿಸ್ಟರ್. ಅಲ್ಲಿ 'ಆರ್‌ಟಿಎ' (ರಸ್ತೆ ಅಪಘಾತ) ಎಂದೋ, 'ಕಾರು ಡಿಕ್ಕಿ' ಎಂದೋ ಬರೆದಿದ್ದರೆ ಅದಕ್ಕೆ ಹೆಚ್ಚಿನ ತೂಕ. ಗಾಯವಾದ ತಕ್ಷಣ, ಯಾರೂ ಲೆಕ್ಕಾಚಾರ ಹಾಕುವ ಮೊದಲು ಬರೆದದ್ದು ಅದು. ಈ ವಾರವೇ ಹೋಗಿ ಆ ಪುಟದ ದೃಢೀಕೃತ ನಕಲು ಕೇಳಿ. ಮೈಸೂರಿನ ಆಸ್ಪತ್ರೆಗೂ ಲಿಖಿತ ಅರ್ಜಿ ಕೊಟ್ಟು ಪೂರ್ತಿ ಕೇಸ್ ಶೀಟ್ ತೆಗೆದುಕೊಳ್ಳಿ. ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮವೇ ಹೇಳುತ್ತದೆ. ಡಿಸ್ಚಾರ್ಜ್ ಸಾರಾಂಶವೊಂದೇ ಸಾಲದು. ದಾಖಲಾತಿ ಹಾಳೆ, ಆಪರೇಷನ್ ಟಿಪ್ಪಣಿ, ಆಪರೇಷನ್ನಿಗೆ ಮೊದಲಿನ ಮತ್ತು ನಂತರದ ಎಕ್ಸ್‌ರೇ ಎಲ್ಲವೂ ಬೇಕು.

ಚೀಟಿಯಲ್ಲಿರುವುದನ್ನು ತಿದ್ದಿಸಲು ಮಾತ್ರ ಹೋಗಬೇಡಿ. ಮೇಲೆ ಬರೆದು ತಿದ್ದಿದ ಕೇಸ್ ಶೀಟ್ ತಪ್ಪಾಗಿ ಬರೆದ ಕೇಸ್ ಶೀಟಿಗಿಂತ ಅಪಾಯ. ಇದ್ದದ್ದನ್ನು ಇದ್ದ ಹಾಗೆ ಬಿಟ್ಟು, ಯಾಕೆ ಹಾಗೆ ಬರೆಯಲಾಯಿತು ಎಂಬುದನ್ನು ದೂರಿನಲ್ಲೇ ನೀವೇ ಮೊದಲು ಹೇಳಿಬಿಡಿ. ಎದುರಿನವರು ಹುಡುಕಿ ತೆಗೆದರೆ ಅದು ನಿಮ್ಮ ಸುಳ್ಳಿಗೆ ಸಾಕ್ಷಿಯಂತೆ ಕಾಣುತ್ತದೆ, ನೀವೇ ಹೇಳಿದರೆ ವಿವರಣೆಯಾಗುತ್ತದೆ.

ದೂರು ಕೊಡಬೇಕಾದದ್ದು ಗುದ್ದಿದ ಜಾಗ ಯಾವ ಠಾಣೆಯ ಸರಹದ್ದಿಗೆ ಬರುತ್ತದೋ ಅಲ್ಲಿ. ತಡವಾದ ಮಾತ್ರಕ್ಕೆ ಪರಿಹಾರದ ಕೇಸು ಬಿದ್ದುಹೋಗದು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆದರೆ ತಡಕ್ಕೆ ಕಾರಣ ನಂಬುವಂತಿರಬೇಕು. ನಿಮ್ಮ ಕಾರಣಕ್ಕೆ ಪುರಾವೆಯೂ ಇದೆ, ಅದೇ ಫೋನ್‌ಪೇ ಪಾವತಿ. ಹಣ ಬಂದ ದಿನ, ಗಂಟೆ, ಕಳಿಸಿದವರ ಹೆಸರು, ವಹಿವಾಟಿನ ಸಂಖ್ಯೆ, ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಅದೇ ಮೊತ್ತ, ಇಷ್ಟನ್ನೂ ಮುದ್ರಿಸಿಟ್ಟುಕೊಳ್ಳಿ. ಗುದ್ದದವರು ಗುರುತಿಲ್ಲದ ಗಾಯಾಳುವಿಗೆ 20 ಸಾವಿರ ಯಾಕೆ ಕಳಿಸುತ್ತಾರೆ? ಈ ಪ್ರಶ್ನೆಗೆ ಎದುರಿನವರು ಉತ್ತರ ಹೇಳಬೇಕಾಗುತ್ತದೆ. ವಾಟ್ಸ್‌ಆ್ಯಪ್ ಮಾತು, ಕರೆಗಳ ಪಟ್ಟಿ ಇದ್ದರೆ ಅಳಿಸಬೇಡಿ. ಫೋನ್ ಬದಲಾಯಿಸುವುದನ್ನೂ ಸದ್ಯಕ್ಕೆ ಮುಂದೂಡಿ. ದೂರಿನಲ್ಲಿ ಹೀಗೆ ಬರೆದರೆ ಸಾಕು: 'ಕಾರಿನ ಮಾಲೀಕರು ಚಿಕಿತ್ಸೆಯ ವೆಚ್ಚ ಕೊಡುವುದಾಗಿ ಹೇಳಿ ಇಂಥ ದಿನ 20,000 ರೂ. ಕಳಿಸಿದ್ದರಿಂದ ಅವರ ಮಾತು ನಂಬಿ ದೂರು ಕೊಟ್ಟಿರಲಿಲ್ಲ. ನಂತರ ಅವರು ಕರೆ ಸ್ವೀಕರಿಸದ ಕಾರಣ ಈಗ ದೂರು ಕೊಡುತ್ತಿದ್ದೇನೆ.' ಕಾರು ಯಾವ ಕಡೆಯಿಂದ ಬಂತು, ಬೈಕು ರಸ್ತೆಯ ಯಾವ ಬದಿಯಲ್ಲಿತ್ತು, ಯಾವ ಭಾಗಕ್ಕೆ ತಗುಲಿತು, ಯಾರು ನೋಡಿದರು, ಇವನ್ನೂ ಬರೆಯಿರಿ. ಕಾಣದ್ದನ್ನು ಬರೆಯಬೇಡಿ. ವೇಗ 100 ಇತ್ತು, 120 ಇತ್ತು ಎಂದೆಲ್ಲ ಬರೆದರೆ 'ಹಿಂದಿನಿಂದ ಬಂದ ಕಾರಿನ ವೇಗ ನಿಮಗೆ ಹೇಗೆ ಗೊತ್ತು' ಎಂಬ ಒಂದೇ ಪ್ರಶ್ನೆಗೆ ದೂರೆಲ್ಲ ಅನುಮಾನಕ್ಕೆ ಒಳಗಾಗುತ್ತದೆ.

ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಅಂಚೆಯಲ್ಲಿ ಮಂಡ್ಯದ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(4)ರಲ್ಲಿ ಆ ದಾರಿ ಇದೆ. ಅದೂ ಫಲಿಸದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ಎಫ್‌ಐಆರ್‌ನಲ್ಲಿ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 125(ಬಿ) ಕಲಮು ಇವೆಯೇ ನೋಡಿಕೊಳ್ಳಿ. ಮೊದಲನೆಯದು ಅಜಾಗರೂಕ ಚಾಲನೆಗೆ, ಎರಡನೆಯದು ಅದರಿಂದಾದ ತೀವ್ರ ಗಾಯಕ್ಕೆ. ಮೂಳೆ ಮುರಿತ ಕಾನೂನಿನಲ್ಲಿ ತೀವ್ರ ಗಾಯವೇ.

ಸ್ಥಳ ಮಹಜರಿನ ದಿನ ನಿಮ್ಮವರೊಬ್ಬರು ಅಲ್ಲಿರಲೇಬೇಕು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ನಿಷೇಧವಿದೆ. ಮಹಜರಿನಲ್ಲಿ 'ಬೆಂಗಳೂರು–ಮೈಸೂರು ಹೆದ್ದಾರಿ, ಗಣಂಗೂರು ಬಳಿ' ಎಂದಷ್ಟೇ ಬರೆದರೆ, ನಿಮ್ಮವರು ಹೋಗಬಾರದ ರಸ್ತೆಗೆ ಹೋಗಿದ್ದರು, ತಪ್ಪಿನಲ್ಲಿ ಅವರಿಗೂ ಪಾಲಿದೆ ಎಂದು ಕಂಪನಿ ವಾದಿಸುತ್ತದೆ. 'ಸರ್ವಿಸ್ ರಸ್ತೆ' ಎಂಬ ಎರಡು ಪದ ಮಹಜರಿನಲ್ಲೂ ನಕ್ಷೆಯಲ್ಲೂ ಇರಲಿ. ಬೈಕು ಯಾವ ದಿಕ್ಕಿಗೆ ಹೋಗುತ್ತಿತ್ತು ಎಂಬ ಬಾಣದ ಗುರುತೂ ನಕ್ಷೆಯಲ್ಲಿರಲಿ.

ಮೋಟಾರು ವಾಹನ ನಿರೀಕ್ಷಕರು ಎರಡೂ ವಾಹನ ನೋಡಿ ಐಎಂವಿ ವರದಿ ಕೊಡುತ್ತಾರೆ. ಎರಡೂವರೆ ತಿಂಗಳಲ್ಲಿ ಕಾರಿನ ಬಂಪರ್ ರಿಪೇರಿಯಾಗಿರುತ್ತದೆ, ವರದಿಯಲ್ಲಿ 'ಜಖಂ ಇಲ್ಲ' ಎಂದು ಬರಬಹುದು. ಗಾಬರಿಯಾಗಬೇಡಿ. ಕಾರಿಗೆ ಪೂರ್ಣ ವಿಮೆ ಇದ್ದು, ಮಾಲೀಕರು ಆ ರಿಪೇರಿಗೆ ತಮ್ಮದೇ ವಿಮೆಯಲ್ಲಿ ಕ್ಲೇಮ್ ಮಾಡಿದ್ದರೆ, ಯಾವ ದಿನ ಯಾವ ಜಾಗದಲ್ಲಿ ಏನಾಯಿತು ಎಂದು ಅವರೇ ಬರೆದು ಸಹಿ ಹಾಕಿದ ಫಾರಂ ಕಂಪನಿಯ ಕಡತದಲ್ಲಿರುತ್ತದೆ. ಅದನ್ನು ತರಿಸಲು ನ್ಯಾಯಮಂಡಳಿಯನ್ನು ಕೇಳಬಹುದು. ಅನೇಕ ವಕೀಲರಿಗೂ ಇದು ಹೊಳೆಯುವುದಿಲ್ಲ, ನೀವೇ ನೆನಪಿಸಿ. ನಿಮ್ಮ ಬೈಕಿನ ಹಿಂಭಾಗ ಇನ್ನೂ ರಿಪೇರಿಯಾಗಿಲ್ಲದಿದ್ದರೆ ಹಾಗೆಯೇ ಇರಲಿ. ಹಿಂದಿನಿಂದ ಗುದ್ದಿದ್ದು ಎಂಬುದಕ್ಕೆ ಮುರಿದ ಹಿಂದಿನ ಲೈಟು, ಬಾಗಿದ ಮಡ್‌ಗಾರ್ಡಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ತಾನಾಗಿ ಜಾರಿ ಬಿದ್ದ ಬೈಕಿಗೆ ಏಟಾಗುವುದು ಪಕ್ಕಕ್ಕೆ, ಹಿಂದಕ್ಕಲ್ಲ.

ಕಾರಿನ ನಂಬರನ್ನು ಸರ್ಕಾರದ ಎಂ-ಪರಿವಾಹನ್ ಆ್ಯಪ್‌ನಲ್ಲಿ ಹಾಕಿದರೆ ವಿಮಾ ಕಂಪನಿಯ ಹೆಸರು, ವಿಮೆ ಎಂದಿನವರೆಗೆ ಇದೆ ಎಂಬುದು ಕಾಣುತ್ತದೆ. ಅಪಘಾತದ ದಿನ ಅದು ಚಾಲ್ತಿಯಲ್ಲಿತ್ತೇ ಎಂಬುದೇ ಮುಖ್ಯ. ಇದ್ದರೆ ಅರ್ಧ ಚಿಂತೆ ಕಳೆಯಿತು. ಎದುರಿನವರಿಗೆ ಆದ ಗಾಯಕ್ಕೆ ಥರ್ಡ್ ಪಾರ್ಟಿ ವಿಮೆಯಲ್ಲಿ ಮೊತ್ತದ ಮಿತಿ ಇಲ್ಲ. ವಿಮೆ ಇಲ್ಲದಿದ್ದರೆ ಮಾಲೀಕರಿಂದಲೇ ವಸೂಲಾಗಬೇಕು. ಆಗ ಕಾರನ್ನು ಭದ್ರತೆ ಪಡೆಯದೆ ಬಿಡದಂತೆ ವಕೀಲರಿಂದ ತಕ್ಷಣ ಅರ್ಜಿ ಹಾಕಿಸಿ.

ಎಫ್‌ಐಆರ್ ಆದ ಮೇಲೆ ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು, 90 ದಿನದೊಳಗೆ ವಿವರವಾದ ವರದಿಯನ್ನು ನ್ಯಾಯಮಂಡಳಿಗೆ ಸಲ್ಲಿಸಬೇಕೆಂಬ ನಿಯಮ 2022ರಿಂದ ಇದೆ. ಅದು ಹೋಗುತ್ತದೆಂದು ನೀವು ಸುಮ್ಮನಿರಬೇಡಿ, ಸ್ವಂತ ಅರ್ಜಿ ಹಾಕಿ. ಅಪಘಾತವಾದ ಜಾಗ, ನೀವು ವಾಸವಿರುವ ಅಥವಾ ದುಡಿಯುವ ಜಾಗ, ಎದುರುದಾರರು ಇರುವ ಜಾಗ, ಈ ಮೂರರಲ್ಲಿ ಎಲ್ಲಿ ಬೇಕಾದರೂ ಹಾಕಬಹುದು. ನಿಮಗೆ ಶ್ರೀರಂಗಪಟ್ಟಣವೇ ಅನುಕೂಲ. ಕಾಲು ಊರಲಾಗದವರನ್ನು ಪ್ರತಿ ಬಾರಿ ಮೈಸೂರಿಗೋ ಬೆಂಗಳೂರಿಗೋ ಕರೆದೊಯ್ಯುವ ಕಷ್ಟ ಯಾಕೆ? ದೋಷಾರೋಪಣ ಪಟ್ಟಿ ಬರಲಿ ಎಂದೂ ಕಾಯಬೇಡಿ. ಎಫ್‌ಐಆರ್, ದೂರಿನ ನಕಲು, ಡಿಸ್ಚಾರ್ಜ್ ಸಾರಾಂಶ, ಬಿಲ್ಲುಗಳು, ಆಧಾರ್, ಬ್ಯಾಂಕ್ ಪಾಸ್‌ಬುಕ್ ಇಟ್ಟು ಎಂವಿಸಿ ನಂಬರ್ (ಪರಿಹಾರದ ಕೇಸಿನ ಸಂಖ್ಯೆ) ಮಾಡಿಸಿಕೊಳ್ಳಿ. ಗಾಯದ ಪ್ರಮಾಣಪತ್ರ, ಐಎಂವಿ ವರದಿ, ದೋಷಾರೋಪಣ ಪಟ್ಟಿ ಬಂದಂತೆ ಸೇರಿಸಬಹುದು. ಬಡ್ಡಿ ಲೆಕ್ಕವಾಗುವುದೂ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ.

164ನೇ ಕಲಮಿನಲ್ಲಿ ಯಾರ ತಪ್ಪು ಎಂದು ಸಾಬೀತು ಮಾಡದೆಯೇ ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಪಡೆಯುವ ದಾರಿಯೂ ಇದೆ. ಆದರೆ ಅದನ್ನು ಒಪ್ಪಿ ತೆಗೆದುಕೊಂಡರೆ, ತಪ್ಪು ತೋರಿಸಿ ಪೂರ್ತಿ ಪರಿಹಾರ ಕೇಳುವ 166ರ ಅರ್ಜಿ ಅಲ್ಲಿಗೇ ಮುಗಿಯುತ್ತದೆ. ತಪ್ಪು ಯಾರದೆಂದು ತೋರಿಸಲು ಏನೂ ಇಲ್ಲದವರಿಗೆ ಅದು ಸರಿ. ನಿಮ್ಮ ಕೈಯಲ್ಲಿರುವ ಸಾಕ್ಷ್ಯ ನೋಡಿದರೆ 166ನ್ನೇ ಹಿಡಿಯುವುದು ಲೇಸು.

ಇನ್ನು, ಎಷ್ಟು ಸಿಗಬಹುದು? ಗಾಯದ ಕೇಸಿನಲ್ಲಿ ಮೊತ್ತವನ್ನು ಏರಿಸುವುದೂ ಇಳಿಸುವುದೂ ಅಂಗವೈಕಲ್ಯದ ಶೇಕಡಾವಾರು. ಅದರಲ್ಲಿ ಮೂರು ಬೇರೆ ಬೇರೆ ಅಂಕಿಗಳಿವೆ, ಜನ ಗೊಂದಲಕ್ಕೆ ಬೀಳುವುದು ಇಲ್ಲೇ. ವೈದ್ಯರು ಕಾಲಿಗೆ ಮಾತ್ರ ಕೊಡುವ ಶೇಕಡಾವಾರು ಒಂದು. ಅದನ್ನು ಇಡೀ ದೇಹಕ್ಕೆ ಇಳಿಸಿದ್ದು ಇನ್ನೊಂದು. ನಮ್ಮ ರಾಜ್ಯದ ನ್ಯಾಯಮಂಡಳಿಗಳು ಸಾಮಾನ್ಯವಾಗಿ ಅಂಗದ ಶೇಕಡಾವಾರಿನ ಮೂರನೇ ಒಂದನ್ನು ಇಡೀ ದೇಹಕ್ಕೆ ಹಿಡಿಯುತ್ತವೆ. ಮೂರನೆಯದು, ಈ ವ್ಯಕ್ತಿಯ ದುಡಿಮೆ ನಿಜಕ್ಕೂ ಎಷ್ಟು ಕುಂದಿತು ಎಂಬುದು. ಪರಿಹಾರ ನಿಲ್ಲುವುದು ಇದರ ಮೇಲೆ ಎಂದು ಸುಪ್ರೀಂ ಕೋರ್ಟ್ 2010ರ ರಾಜ್ ಕುಮಾರ್ ತೀರ್ಪಿನಲ್ಲಿ ಬಿಡಿಸಿ ಹೇಳಿದೆ. ಕುರ್ಚಿಯಲ್ಲಿ ಕೂತು ಬರೆಯುವ ಗುಮಾಸ್ತರಿಗೂ ಆಲೆಮನೆಯ ಕೆಲಸಗಾರರಿಗೂ ಒಂದೇ ಕಾಲು ಮುರಿತ ಒಂದೇ ನಷ್ಟವಲ್ಲ.

ಆದ್ದರಿಂದ ವೈದ್ಯರ ಹತ್ತಿರ ಹೋದಾಗ ಬರೀ ಶೇಕಡಾವಾರು ಬರೆಸಿಕೊಂಡು ಬರಬೇಡಿ. ನಿಮ್ಮ ಯಜಮಾನರು ದಿನವೂ ಏನೇನು ಮಾಡುತ್ತಿದ್ದರು ಎಂದು ವಿವರವಾಗಿ ಹೇಳಿ. ಹಾಲು ಕರೆಯಲು ಕುಕ್ಕರಗಾಲಲ್ಲಿ ಕೂರಬೇಕು, ಮಂಡಿ ಪೂರ್ತಿ ಮಡಚಬೇಕು, ಜೊತೆಗೆ ಎರಡು ತೊಡೆಯ ನಡುವೆ ಪಾತ್ರೆ ಹಿಡಿದಿರಬೇಕು. ಈಗ ಮಂಡಿ 90 ಡಿಗ್ರಿಗಿಂತ ಹೆಚ್ಚು ಮಡಚದಂತಾದರೆ ನಡೆಯಲು ತೊಂದರೆ ಇರದು, ಆದರೆ ಹಸುವಿನ ಪಕ್ಕ ಕೂರಲಾಗದು. ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡಲು ತಾಸುಗಟ್ಟಲೆ ನಿಲ್ಲಬೇಕು. ಕಬ್ಬಿನ ಹೊರೆ ಹೊರಬೇಕು. ಕುದಿಯುವ ಕೊಪ್ಪರಿಗೆಯ ಹತ್ತಿರ ಕಾಲು ತಡವರಿಸಿದರೆ ಅನಾಹುತವೇ. ಮೂಳೆಯೊಳಗೆ ರಾಡ್ ಹಾಕುವುದು ಮಂಡಿಯ ಮುಂಭಾಗದಿಂದ. ಹಾಗಾಗಿ ಮೂಳೆ ಚೆನ್ನಾಗಿ ಕೂಡಿದ ಮೇಲೂ ಮಂಡಿಯೂರಿದಾಗ ನೋಯುವುದು ಅನೇಕರಲ್ಲಿ ಉಳಿದುಬಿಡುತ್ತದೆ. ಕುಕ್ಕರಗಾಲು, ಚಕ್ಕಳಮಕ್ಕಳ, ಮೆಟ್ಟಿಲು, ಭಾರ ಹೊರುವುದು, ಬಹಳ ಹೊತ್ತು ನಿಲ್ಲುವುದು, ಇವುಗಳಲ್ಲಿ ಯಾವುದು ಆಗುತ್ತದೆ, ಯಾವುದು ಆಗದು, ಮಂಡಿ ಮತ್ತು ಪಾದದ ಕೀಲು ಎಷ್ಟು ಡಿಗ್ರಿ ಮಡಚುತ್ತದೆ, ಕಾಲು ಎಷ್ಟು ಗಿಡ್ಡವಾಗಿದೆ ಎಂಬುದು ಪ್ರಮಾಣಪತ್ರದಲ್ಲಿರಲಿ. ಆಪರೇಷನ್ ಮಾಡಿದ ವೈದ್ಯರೇ ಬರೆದುಕೊಟ್ಟು ಸಾಕ್ಷಿ ಹೇಳಿದರೆ ಹೆಚ್ಚು ಬೆಲೆ. ಕೇಸಿಗೆಂದೇ ಒಮ್ಮೆ ನೋಡಿ ಬರೆದುಕೊಡುವವರ ಪ್ರಮಾಣಪತ್ರದ ಶೇಕಡಾವಾರನ್ನು ನ್ಯಾಯಾಧೀಶರು ಸಲೀಸಾಗಿ ಕಡಿತ ಮಾಡುತ್ತಾರೆ.

ಎರಡನೆಯ ಕಂಬ ಆದಾಯ. ಡೇರಿಯ ಪಾಸ್‌ಬುಕ್ ಹಳ್ಳಿಯವರಿಗೆ ಸಂಬಳದ ಚೀಟಿಯಷ್ಟೇ ಗಟ್ಟಿ ದಾಖಲೆ. ಅಪಘಾತಕ್ಕೆ ಮೊದಲಿನ ಒಂದು ವರ್ಷದ ಹಾಲಿನ ಲೆಕ್ಕವನ್ನು ಸಂಘದ ಕಾರ್ಯದರ್ಶಿಯಿಂದ ಬರೆಸಿ ಸೀಲ್ ಹಾಕಿಸಿಕೊಳ್ಳಿ. ಆದರೆ ಒಂದು ಎಡವಟ್ಟಿದೆ. ಅವರು ಮಲಗಿದ ಮೇಲೂ ನೀವೇ ಕಷ್ಟಪಟ್ಟು ಹಾಲು ಕರೆದು ಹಾಕಿದ್ದರೆ ಲೀಟರ್ ಕಡಿಮೆಯಾಗಿರುವುದಿಲ್ಲ. 'ಆದಾಯ ಅಷ್ಟೇ ಇದೆಯಲ್ಲ, ನಷ್ಟ ಏನು?' ಎಂದು ಕೇಳುತ್ತಾರೆ. ಆಗ, ಮೇವು ಕೊಯ್ಯಲು ಆಳಿಗೆ ಕೊಟ್ಟ ಕೂಲಿ, ನೀವು ಬಿಟ್ಟ ನಿಮ್ಮ ಕೂಲಿ, ಮಾರಿದ ಹಸು ಇದ್ದರೆ ಅದರ ವಿವರ ಹೇಳಬೇಕಾಗುತ್ತದೆ. ಜಮೀನಿದ್ದವರಿಗೂ ಇದೇ ಮಾತು. ಪಹಣಿ ತೋರಿಸಿದರೆ ಸಾಲದು, ಜಮೀನು ಎಲ್ಲಿಗೂ ಹೋಗಿಲ್ಲ ಎಂದುಬಿಡುತ್ತಾರೆ. ತಾವೇ ಮಾಡುತ್ತಿದ್ದ ಕೆಲಸಕ್ಕೆ ಈಗ ಎಷ್ಟು ಕೂಲಿ ಕೊಡಬೇಕಾಗಿದೆ ಎಂಬುದೇ ನಷ್ಟ. ಆಲೆಮನೆಯ ಕೂಲಿ ಕೈಗೆ ಕೊಡುವ ಹಣ, ಹಾಜರಿ ಪುಸ್ತಕ ಇರುವುದು ಕಡಿಮೆ. ಮಾಲೀಕರು ಬಂದು ಸಾಕ್ಷಿ ಹೇಳಲು ಒಪ್ಪಿದರೆ ಮಾತ್ರ ಅವರ ಪತ್ರಕ್ಕೆ ಬೆಲೆ. ಏನೂ ಇಲ್ಲದಿದ್ದರೆ, ಕರ್ನಾಟಕ ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಲೋಕ್ ಅದಾಲತ್ತಿಗಾಗಿ ವರ್ಷವಾರು ಮಾಡಿರುವ ಕಾಲ್ಪನಿಕ ಆದಾಯದ ಪಟ್ಟಿಯನ್ನು ಹಿಡಿಯುತ್ತಾರೆ. ಕೂಲಿಕಾರರಿಗೆ ಆ ಪಟ್ಟಿಯೇ ಎಷ್ಟೋ ಸಲ ಆಸರೆ.

ಒಂದು ಲೆಕ್ಕ ಮಾಡಿ ನೋಡೋಣ. ಆದಾಯ ತಿಂಗಳಿಗೆ 15,000 ಎಂದು ಸುಮ್ಮನೆ ಇಟ್ಟುಕೊಳ್ಳಿ. ಕಾಲಿಗೆ ಶೇ 36 ವೈಕಲ್ಯ, ಇಡೀ ದೇಹಕ್ಕೆ ಶೇ 12. 2009ರ ಸರಳಾ ವರ್ಮಾ ತೀರ್ಪಿನಂತೆ 36ರಿಂದ 40 ವಯಸ್ಸಿಗೆ ಗುಣಕ (ಎಷ್ಟು ವರ್ಷದ ಆದಾಯ ಹಿಡಿಯಬೇಕೆಂಬ ಸಂಖ್ಯೆ) 15. 15,000ವನ್ನು 12 ತಿಂಗಳಿಂದ, 15ರಿಂದ ಗುಣಿಸಿ ಅದರ ಶೇ 12 ಹಿಡಿದರೆ 3,24,000 ರೂ. ಸ್ವಂತ ದುಡಿಮೆಯವರಿಗೆ 40 ವರ್ಷದೊಳಗೆ ಭವಿಷ್ಯದ ಏಳಿಗೆಗೆಂದು ಶೇ 40 ಸೇರಿಸಬೇಕೆಂದು 2017ರ ಪ್ರಣಯ್ ಸೇಥಿ ತೀರ್ಪು ಹೇಳಿದೆ. ಗಾಯದ ಕೇಸಿಗೂ ಇದು ಅನ್ವಯವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಅದನ್ನು ಸೇರಿಸಿದರೆ ಆದಾಯ 21,000, ಮೊತ್ತ 4,53,600. ಶೇಕಡಾವಾರು ಕಡಿಮೆ ಇದ್ದಾಗ ಇದನ್ನು ಸೇರಿಸಲು ಕಂಪನಿಯವರು ಬಿಡುವುದಿಲ್ಲ, ನಿಮ್ಮ ವಕೀಲರು ಕೇಳದಿದ್ದರೆ ತಾನಾಗಿ ಬರುವುದೂ ಇಲ್ಲ. ಕೆಲಸದ ಸ್ವರೂಪ ನೋಡಿ ದುಡಿಮೆಯ ನಷ್ಟ ಶೇ 20 ಎಂದು ನ್ಯಾಯಾಧೀಶರಿಗೆ ಮನವರಿಕೆಯಾದರೆ ಇದೇ ಲೆಕ್ಕ 7,56,000 ಆಗುತ್ತದೆ. ಕುಕ್ಕರಗಾಲಿನ ವಿಚಾರವನ್ನು ಅಷ್ಟು ಬಿಡಿಸಿ ಹೇಳಿದ್ದು ಇದಕ್ಕೇ.

ಇದರ ಮೇಲೆ ಆಸ್ಪತ್ರೆಯ ಬಿಲ್ಲು 1,85,000, ದುಡಿಯಲಾಗದ ತಿಂಗಳುಗಳ ಆದಾಯ (ನಾಲ್ಕು ತಿಂಗಳಾದರೆ 60,000), ನೋಡಿಕೊಂಡವರ ಖರ್ಚು, ಪೌಷ್ಟಿಕ ಆಹಾರ, ಓಡಾಟ, ನೋವು, ಬದುಕಿನ ಸೌಖ್ಯ ಕಳೆದುಕೊಂಡದ್ದು, ಮುಂದೆ ರಾಡ್ ತೆಗೆಸುವ ಖರ್ಚು. ನೋವಿಗೆ ಇಷ್ಟೇ ಎಂಬ ದರಪಟ್ಟಿ ಇಲ್ಲ, ಅದು ನ್ಯಾಯಾಧೀಶರ ವಿವೇಚನೆ.

ಬಿಲ್ಲಿನಲ್ಲಿ ಜನ ಮಾಡುವ ತಪ್ಪು ಒಂದೇ ತರಹ. ಮುಂಗಡ ಕಟ್ಟಿದ ರಸೀದಿಯನ್ನೂ ಅಂತಿಮ ಬಿಲ್ಲನ್ನೂ ಎರಡನ್ನೂ ಕೂಡಿಸಿಬಿಡುತ್ತಾರೆ. ಅದು ಸಿಕ್ಕಿಬಿದ್ದರೆ ಉಳಿದ ಬಿಲ್ಲುಗಳ ಮೇಲೂ ಅನುಮಾನ ಬರುತ್ತದೆ. ಔಷಧಿ ಅಂಗಡಿಯ ಬಿಲ್ಲಿಗೆ ವೈದ್ಯರ ಚೀಟಿ ಜೋಡಿಯಾಗಿರಬೇಕು. ದಿನಾಂಕದ ಕ್ರಮದಲ್ಲಿ ಜೋಡಿಸಿ, ನಂಬರ್ ಹಾಕಿ, ಒಂದು ಹಾಳೆಯಲ್ಲಿ ಮೊತ್ತದ ಪಟ್ಟಿ ಮಾಡಿ. ಥರ್ಮಲ್ ಕಾಗದದ ಬಿಲ್ಲು ಆರು ತಿಂಗಳಲ್ಲಿ ಬೆಳ್ಳಗಾಗುತ್ತದೆ, ಇವತ್ತೇ ಜೆರಾಕ್ಸ್ ಮಾಡಿಸಿ. ನಿಮ್ಮ ಸ್ವಂತ ಆರೋಗ್ಯ ವಿಮೆಯಿಂದ ಹಣ ಬಂದಿದ್ದರೆ ಮುಚ್ಚಿಡಬೇಡಿ, ಅಷ್ಟನ್ನು ಕಳೆಯಬೇಕೆಂದು ಎದುರಿನವರು ವಾದಿಸುತ್ತಾರೆ, ಅದಕ್ಕೆ ವಕೀಲರು ಸಿದ್ಧರಿರಬೇಕು.

ಲೈಸೆನ್ಸ್ ಅವಧಿ ಮುಗಿದದ್ದಕ್ಕೆ ದಂಡ ಬೀಳಬಹುದು. ಹಿಂದಿನಿಂದ ಗುದ್ದಿಸಿಕೊಂಡವರ ಲೈಸೆನ್ಸಿಗೂ ಅಪಘಾತದ ಕಾರಣಕ್ಕೂ ಸಂಬಂಧವಿಲ್ಲ, ಲೈಸೆನ್ಸ್ ಇಲ್ಲದ್ದೇ ಅಜಾಗರೂಕತೆಯಲ್ಲ. ಹೆಲ್ಮೆಟ್ ವಿಚಾರ ಏಳುವುದು ತಲೆಗೆ ಪೆಟ್ಟಾದಾಗ, ನಿಮ್ಮದು ಕಾಲು. ಆದರೂ ನಿಮ್ಮವರ ಪಾಲಿನ ತಪ್ಪು ಶೇ 20 ಎಂದು ನ್ಯಾಯಮಂಡಳಿ ಹಿಡಿದರೆ ಒಟ್ಟು ಮೊತ್ತದಲ್ಲಿ ಅಷ್ಟೂ ಕಡಿತವಾಗುತ್ತದೆ, ಅದಕ್ಕೇ ಮಹಜರಿನ ಬಗ್ಗೆ ಅಷ್ಟು ಒತ್ತಿ ಹೇಳಿದ್ದು. 20 ಸಾವಿರ ಪಡೆದದ್ದನ್ನು ಒಪ್ಪಿಕೊಳ್ಳಿ. ಹೆಚ್ಚೆಂದರೆ ಅಷ್ಟು ಕಳೆದುಕೊಡುತ್ತಾರೆ, ಹಕ್ಕು ಹೋಗುವುದಿಲ್ಲ.

ವಿಚಾರಣೆಯಲ್ಲಿ ನಿಮ್ಮ ಯಜಮಾನರು ಪ್ರಮಾಣ ಮಾಡಿದ ಲಿಖಿತ ಹೇಳಿಕೆಯ (ಅಫಿಡವಿಟ್) ಮೂಲಕ ಸಾಕ್ಷ್ಯ ಕೊಟ್ಟು, ದಾಖಲೆಗಳಿಗೆ ಸಾಕ್ಷ್ಯವೆಂದು ನಂಬರ್ ಹಾಕಿಸಿ (ನಿಶಾನೆ), ಪಾಟೀ ಸವಾಲಿಗೆ ನಿಲ್ಲಬೇಕು. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಲಿ. ಕೇಸು ನಿಂತುಹೋಗುವುದು ಹೆಚ್ಚಾಗಿ ವೈದ್ಯರ ಸಾಕ್ಷಿಯ ಹಂತದಲ್ಲಿ, ಅವರಿಗೆ ಬಿಡುವಾಗುವುದಿಲ್ಲ. ಆಸ್ಪತ್ರೆಗೇ ಹೋಗಿ ಸಾಕ್ಷ್ಯ ದಾಖಲಿಸಲು ಕೋರ್ಟ್ ಕಮಿಷನರ್ ನೇಮಿಸಿ ಎಂದು ಕೇಳಬಹುದು. ನಡುವೆ ಲೋಕ್ ಅದಾಲತ್ತಿನಲ್ಲಿ ರಾಜಿಗೆ ಕರೆಯುತ್ತಾರೆ. ರಾಜಿ ಕೆಟ್ಟದ್ದಲ್ಲ, ಹಣ ಬೇಗ ಬರುತ್ತದೆ. ಆದರೆ ಅಲ್ಲಿ ಒಪ್ಪಿದ ಮೇಲೆ ಮೇಲ್ಮನವಿ ಇಲ್ಲ. ಮೂಳೆ ಕೂಡಿದೆಯೋ ಇಲ್ಲವೋ ತಿಳಿಯುವ ಮುಂಚೆ, ವೈಕಲ್ಯದ ಅಂಕಿ ಬರುವ ಮುಂಚೆ ರಾಜಿಯಾಗುವುದು ಬೆಳೆ ನೋಡದೆ ಕಬ್ಬು ಮಾರಿದ ಹಾಗೆ.

ವಕೀಲರ ವಿಷಯ. ಬಂದ ಪರಿಹಾರದಲ್ಲಿ ಇಷ್ಟು ಪಾಲು ಎಂದು ಫೀಸು ಗೊತ್ತುಮಾಡುವುದನ್ನು ವಕೀಲರ ಪರಿಷತ್ತಿನ ನಿಯಮವೇ ನಿಷೇಧಿಸಿದೆ. ವಾರ್ಡಿನ ಬಾಗಿಲಲ್ಲೇ ಬಂದು 'ಎಲ್ಲ ನಾವು ನೋಡ್ಕೋತೀವಿ' ಎನ್ನುವ ದಲ್ಲಾಳಿಗಳಿಗೆ ಖಾಲಿ ವಕಾಲತ್ತು, ಸಹಿ ಹಾಕಿದ ಖಾಲಿ ಚೆಕ್ಕು, ಪಾಸ್‌ಬುಕ್ ಕೊಡಬೇಡಿ. ಅವರು ಬೇರೆ ವಾಹನದ ನಂಬರ್ ಸೇರಿಸೋಣ ಎಂದರೆ ಅಲ್ಲಿಂದಲೇ ಎದ್ದು ಬನ್ನಿ, ಅದು ಜೈಲಿನ ದಾರಿ. ಫೀಸು ಕೊಡಲು ಕಷ್ಟವಾದರೆ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. ಮಹಿಳೆಯರಿಗೆ, ಅಂಗವಿಕಲರಿಗೆ, ಪರಿಶಿಷ್ಟರಿಗೆ, ಕಡಿಮೆ ಆದಾಯದವರಿಗೆ ಉಚಿತ ವಕೀಲರನ್ನು ಕೊಡುತ್ತಾರೆ.

ಬೇರೆ ಸನ್ನಿವೇಶದಲ್ಲಿರುವವರಿಗೂ ಎರಡು ಮಾತು. ಗುದ್ದಿದ ವಾಹನವೇ ಪತ್ತೆಯಾಗದಿದ್ದರೆ ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ ಸಿಗುವ ಯೋಜನೆ ಇದೆ. ಅದಕ್ಕೆ ಅರ್ಜಿ ಕೋರ್ಟಿಗಲ್ಲ, ತಾಲ್ಲೂಕು ಅಥವಾ ಉಪವಿಭಾಗದ ಕಂದಾಯ ಅಧಿಕಾರಿಗೆ. ಲಗೇಜ್ ಆಟೊ, ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಸುಮ್ಮನೆ ಹತ್ತಿ ಕೂತವರಿಗೆ ಆ ವಾಹನದ ವಿಮೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಕಬ್ಬು ಕಡಿಯಲು, ನಾಟಿಗೆ ಹಾಗೆ ಹೋಗುವವರು ಇದನ್ನು ತಿಳಿದಿರಲಿ. 2025ರ ಮೇ ತಿಂಗಳಿಂದ, ಅಪಘಾತದ ಗಾಯಾಳುಗಳಿಗೆ ನಿಗದಿತ ಆಸ್ಪತ್ರೆಯಲ್ಲಿ ಮೊದಲ 7 ದಿನ ಒಂದೂವರೆ ಲಕ್ಷದವರೆಗೆ ನಗದುರಹಿತ ಚಿಕಿತ್ಸೆ ಇದೆ. ಆದರೆ ಪೊಲೀಸರು ಅಪಘಾತವೆಂದು ದೃಢಪಡಿಸಬೇಕು. ಪೊಲೀಸರಿಗೆ ತಿಳಿಸದೆ ಬಿಟ್ಟ ಕಡೆ ಆ ಬಾಗಿಲೂ ಮುಚ್ಚುತ್ತದೆ.

ಆದೇಶವಾದ ಮೇಲೆ ನಮ್ಮಲ್ಲಿ ಸಾಮಾನ್ಯವಾಗಿ ಶೇ 6 ಬಡ್ಡಿ ಕೊಡುತ್ತಾರೆ.  ಮೊತ್ತದ ಒಂದು ಪಾಲನ್ನು ಬ್ಯಾಂಕಿನಲ್ಲಿ ಠೇವಣಿ ಇಡಿಸುವುದುಂಟು. ಆದೇಶ ಕಡಿಮೆ ಎನಿಸಿದರೆ 90 ದಿನದೊಳಗೆ ಹೈಕೋರ್ಟಿಗೆ ಹೋಗಬಹುದು, ವ್ಯಾಜ್ಯದ ಮೊತ್ತ 1 ಲಕ್ಷಕ್ಕಿಂತ ಕಡಿಮೆ ಇರಬಾರದು.

ಕೊನೆಯದಾಗಿ ಆ ರಾಡ್. ತೆಗೆಸುವ ಕಾಲ ವೈದ್ಯರು ಹೇಳಿದಂತೆ ಆಗಲಿ, ಕೇಸಿಗಾಗಿ ಹಿಂದುಮುಂದು ಮಾಡಬೇಡಿ. ಕೇಸು ನಡೆಯುವಾಗಲೇ ತೆಗೆಸಿದರೆ ಬಿಲ್ಲನ್ನು ಸೇರಿಸಿ. ಇಲ್ಲವಾದರೆ ಎಷ್ಟಾಗುತ್ತದೆಂಬ ಅಂದಾಜನ್ನು ಆಸ್ಪತ್ರೆಯ ಹಾಳೆಯಲ್ಲಿ ಬರೆಸಿ ವೈದ್ಯರ ಸಾಕ್ಷ್ಯದಲ್ಲೇ ಹೇಳಿಸಿಬಿಡಿ, ಪರಿಹಾರ ಒಂದೇ ಸಲ. ಆದೇಶವಾದ ಮರುವರ್ಷ ಆಪರೇಷನ್ನಿನ ಬಿಲ್ಲು ಹಿಡಿದು ಹೋದರೆ ಅದನ್ನು ಕೇಳುವವರಿರುವುದಿಲ್ಲ.